ನಲವತ್ತು ದಾಟಿದ ಮೇಲೆ ಕಲಿತ ಈಜು

ನಾನು ಈಜು ಕಲಿತದ್ದು ನಲವತ್ತು ದಾಟಿದ ಮೇಲೆ, ಅದೂ ಹೊಲದ ಬಾವಿಯಲ್ಲಿ! ಈಗ ನೆನೆದರೂ ಮೈ ಜುಮ್ಮೆನ್ನುತ್ತದೆ.

ನಾರಾಯಣಪೇಟೆಯ ನಮ್ಮ ಮನೆಯಲ್ಲಿ ಎರಡು ಕುಣಿ ಮಗ್ಗಗಳಿವೆ. ಒಂದರಲ್ಲಿ ಗಂಡ, ಇನ್ನೊಂದರಲ್ಲಿ ನಾನು. ನೆಲದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಸೀರೆ ನೇಯಲು ಕೂತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಹೋದ ವರ್ಷ ಬೆನ್ನು, ಭುಜ ಎರಡೂ ಹಿಡಿದುಕೊಂಡವು. ನಿದ್ದೆ ಕೆಟ್ಟಿತು. ಮಗಳು ನಕ್ಕರೂ ಸಿಡುಕುತ್ತಿದ್ದೆ.

ಡಾಕ್ಟರಮ್ಮ ಗುಳಿಗೆ ಬರೆದುಕೊಟ್ಟು ಕೇಳಿದರು: "ಕುಂತು ಕುಂತು ಮೈ ಬಿಗದೈತ್ರಿ. ಏನರ ಆಟ ಆಡ್ತೀರೇನು? ಈಜಾಕ ಬರ್ತೈತೇನು?"

"ನಮ್ಮಂಥೋರಿಗೆ ಆಟ ಎಲ್ಲೀದ್ರೀ?" ಎಂದು ನಕ್ಕು ಎದ್ದು ಬಂದೆ.

ಅದೇ ವಾರ ಮಕ್ತಲ್ ಹತ್ತಿರದ ಹಳ್ಳಿಗೆ, ಅಕ್ಕನ ಮನೆಗೆ ಹೋಗಿದ್ದೆ. ಮಾತಿನ ನಡುವೆ ಇದನ್ನು ಹೇಳಿದೆನೋ ಇಲ್ಲವೋ, ಅಕ್ಕನ ಅತ್ತೆ ಎದ್ದೇ ನಿಂತರು. ಎಪ್ಪತ್ತರ ಹೆಂಗಸು!

"ಹೊಲದಾಗ ಬಾವಿ ತುಂಬೈತಿ. ನಡಿ ಯವ್ವಾ, ನಾ ಕಲಸ್ತೀನಿ."

ಅಕ್ಕನ ಹಳೆಯ ಚೂಡಿದಾರ ತೊಟ್ಟೆ. ಖಾಲಿ ಪ್ಲಾಸ್ಟಿಕ್ ಡಬ್ಬವೊಂದನ್ನು ಅತ್ತೆ ನನ್ನ ಬೆನ್ನಿಗೆ ಬಿಗಿದು ಕಟ್ಟಿದರು. ತಾವು ಕಚ್ಚೆ ಹಾಕಿ ಮೊದಲು ಧುಮುಕಿದರು. ನಾನು ಕಲ್ಲಿನ ಮೆಟ್ಟಿಲು ಬಿಡಲೊಲ್ಲೆ.

"ಅತ್ತಿ, ಸಾಯ್ತೀನ್ರೀ!"

"ಸಾಯಾಕ ನಾ ಬಿಡ್ತೀನೇನು? ಮಗ್ಗ ತುಳಿದಂಗ ತುಳಿ!"

ತುಳಿದೆ. ಅಯ್ಯೋ, ಮೈ ಮೇಲೆದ್ದಿತು! ಮೂಗಿಗೆ ನೀರು ಹೊಕ್ಕು ಕೆಮ್ಮುತ್ತಲೇ ಕೇಕೆ ಹಾಕಿದೆ. ಮೇಲೆ ಬಗ್ಗಿ ನೋಡುತ್ತಿದ್ದ ಅಕ್ಕ, "ನೀ ಹಿಂಗ ನಕ್ಕಿದ್ದು ನೋಡಿ ಎಷ್ಟ್ ದಿನಾ ಆಗಿತ್ತಲೇ!" ಎಂದಳು. ಆ ಸಂಜೆ ಎರಡು ರೊಟ್ಟಿ ಹೆಚ್ಚಿಗೆ ತಿಂದು ಮಲಗಿದವಳಿಗೆ ಬೆಳಗಾದದ್ದೇ ಗೊತ್ತಾಗಲಿಲ್ಲ.

ಆಮೇಲೆ ಪ್ರತಿ ಭಾನುವಾರ ಮಕ್ತಲ್ ಬಸ್ಸು ಹತ್ತತೊಡಗಿದೆ. ಮಳೆಗಾಲ ಮುಗಿಯುವ ಹೊತ್ತಿಗೆ ಧೈರ್ಯ ಮಾಡಿ ಡಬ್ಬ ಬಿಚ್ಚಿಟ್ಟೆ. ಅತ್ತೆ ಪಕ್ಕದಲ್ಲೇ ಈಜುತ್ತಿದ್ದರು. ಅಂಗಾತ ತೇಲಿದಾಗ ಕಿವಿಗಳು ನೀರಿನಲ್ಲಿ ಮುಳುಗಿ ಲೋಕದ ಸದ್ದೆಲ್ಲ ಅಡಗಿತು. ಕಣ್ಣ ಮುಂದೆ ದುಂಡನೆಯ ಆಕಾಶ, ಅದರಲ್ಲಿ ಎರಡು ಗಿಳಿಗಳು. ಅಷ್ಟು ಹಗುರಾಗಿ ನಾನು ಯಾವತ್ತೂ ಇದ್ದಿರಲಿಲ್ಲ.

ನೋವು ಪೂರ್ತಿ ಹೋಯಿತೆಂದರೆ ಸುಳ್ಳಾದೀತು. ಆದರೆ ಈಗ ಭುಜ ಮೇಲೇಳುತ್ತದೆ, ಸಿಡುಕು ಇಳಿದಿದೆ. ಮಗಳಂತೂ, "ಅವ್ವಾ, ಐತ್ವಾರ ತಪ್ಪಸಬ್ಯಾಡ" ಎಂದು ತಾನೇ ಬುತ್ತಿ ಕಟ್ಟಿಕೊಡುತ್ತಾಳೆ.

ಗಂಡನಿಗೆ ಮಾತ್ರ ಇದೆಲ್ಲ ತಮಾಷೆ. ಮೊನ್ನೆ ಇಬ್ಬರೂ ಗದ್ವಾಲಿನ ನೆಂಟರ ಮನೆಗೆ ಹೊರಟಿದ್ದೆವು. ಬಸ್ಸು ಕೃಷ್ಣೆಯನ್ನು ದಾಟುವಾಗ ಕಿಟಕಿಯಾಚೆ ತೋರಿಸಿ, "ಧುಮುಕ್ತಿ ಏನು?" ಎಂದು ಕೆಣಕಿದರು.

"ಹೊಳಿ ಬ್ಯಾಡ್ರೀ, ನನಗ ಬಾವೀನೇ ಸಾಕು. ನಿಮ್ಮ ಸೊಂಟಾನೂ ಹಿಡದೈತಲ್ಲ, ನೀವೂ ಬರ್ರಿ."

ಅವರು ಮುಖ ಆಚೆ ತಿರುಗಿಸಿದರು. ಭಾನುವಾರ ನಾನು ಚಪ್ಪಲಿ ಮೆಟ್ಟುವಷ್ಟರಲ್ಲಿ, ಹೆಗಲಿಗೆ ಟವೆಲ್ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು.

"ಬಸ್ ಹೋಗ್ತೈತಿ, ಲಗೂನ ನಡಿ!"