ಮೂರನೇ ಗೂಡಿನ ಅರಿಶಿಣದ ಕಾರ್ಡು

ನನ್ನ ಮಾವ ಅಯ್ಯಣ್ಣನವರು ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ಹೊಲಿಗೆ ಮಷಿನ್ ಮಾರುತ್ತಿದ್ದರು. ಮಾರುವುದಕ್ಕಿಂತ ಬೆನ್ನು ಹತ್ತುವುದೇ ಹೆಚ್ಚು. ಕುರುಗೋಡು, ಸಿರುಗುಪ್ಪ, ರೂಪನಗುಡಿ, ಬಸ್ಸು ಹೋಗುವ ಊರಿಗೆಲ್ಲ ಅವರೂ ಹೋಗುವವರೇ.

ಒಮ್ಮೆ ರೂಪನಗುಡಿಯ ಹೆಣ್ಣುಮಗಳೊಬ್ಬಳು “ಸುಗ್ಗಿ ಆದಮ್ಯಾಲೆ ಬರ್ರಿ” ಅಂದಿದ್ದಳಂತೆ. ಇವರು ಮರೆತರು. ಎರಡು ವರ್ಷದ ಮೇಲೆ ಸಂತೆಯಲ್ಲಿ ಸಿಕ್ಕು, “ನಿಮ್ಮ ದಾರಿ ಕಾದು ಕಾದು ಬ್ಯಾರೆ ಕಡಿ ತಗೊಂಡ್ವಿರೀ” ಅಂದಳಂತೆ. ಆ ಮಾತು ಮಾವನವರಿಗೆ ಮುಳ್ಳಿನ ಹಾಗೆ ಉಳಿಯಿತು. ಬಡಿಗೇರ ಕಾಡಸಿದ್ದಪ್ಪನ ಕೈಯಲ್ಲಿ ನಾಲ್ಕು ಗೂಡಿನ ಪೆಟ್ಟಿಗೆ ಮಾಡಿಸಿದರು. ಕೇಳಿದವರು, ನೋಡಿದವರು, ಮನಸು ಮಾಡಿದವರು, ತಗೊಂಡವರು. ಒಬ್ಬೊಬ್ಬ ಗಿರಾಕಿಗೂ ಒಂದು ಚೀಟಿ. ಚೀಟಿ ಒಂದು ಗೂಡಿನಿಂದ ಇನ್ನೊಂದಕ್ಕೆ ಸರಿದರೆ, ಆ ಗೂಡಿಗೆ ತಕ್ಕ ಪೋಸ್ಟ್ ಕಾರ್ಡು ಸೋಮವಾರ ಹೋಗಲೇಬೇಕು. ಉತ್ತರ ಬರದಿದ್ದರೆ ಮುಂದಿನ ಸೋಮವಾರ ಇನ್ನೊಂದು.

ಮಾವನವರು ಬಳ್ಳಾರಿ ಮದರಾಸಿಗೆ ಸೇರಿದ್ದ ಕಾಲದಲ್ಲಿ ತೆಲುಗು ಸಾಲಿ ಕಲಿತವರು. ಕನ್ನಡ ಬರೆದರೆ ಅರ್ಧ ತೆಲುಗೇ ಕಾಣುತ್ತಿತ್ತು. ಹಾಗಾಗಿ ನಾನು ಸೊಸೆಯಾಗಿ ಬಂದ ಮೇಲೆ ಬರೆಯುವ ಕೆಲಸ ನನಗೆ ಬಿತ್ತು. ಮಗುವಿಗೆ ಹಾಲು ಕುಡಿಸುತ್ತಲೇ ಎರಡೂ ಸೋಮವಾರದ ಕಾರ್ಡು ಒಮ್ಮೆಗೇ ಬರೆದು, ತಾರೀಖು ಹಾಕಿ, ಬಾಗಿಲ ಹಿಂದಿನ ತಂತಿಗೆ ಚುಚ್ಚುತ್ತಿದ್ದೆ. ನಮ್ಮವರು ಕೆಲಸಕ್ಕೆ ಹೋಗುವಾಗ ಆವತ್ತಿನವನ್ನು ಟಪಾಲು ಡಬ್ಬಿಗೆ ಹಾಕುತ್ತಿದ್ದರು.

“ನಾ ಊರಾಗ ಇರ್ಲಿ ಬಿಡ್ಲಿ, ಚೀಟಿ ಸರೀತಂದ್ರ ಕಾರ್ಡು ಹೋಗ್ಬೇಕು. ನನ್ನ ಕೇಳಾಕ ಬರಬ್ಯಾಡ ಅಮ್ಮಾಯಿ” ಎನ್ನುತ್ತಿದ್ದರು.

ಮೂರನೇ ಗೂಡಿನ ಕಾರ್ಡಿಗೆ ನಾಲ್ಕು ಮೂಲೆಗೂ ಅರಿಶಿಣ ಹಚ್ಚಬೇಕು. ಅದು ಅವರದೇ ಯೋಚನೆ. ನಮ್ಮ ಕಡೆ ಮದುವೆಯ ಕಾಗದಕ್ಕೆ ಹಾಗೆ ಹಚ್ಚುತ್ತಾರೆ. ಮಷಿನ್ ಮನೆಗೆ ಬರುವುದೂ ಲಕ್ಷ್ಮಿ ಬಂದ ಹಾಗೆ ಅಲ್ಲವೇ ಅನ್ನುವರು. ಜನಕ್ಕೆ ಅದು ಮೆಚ್ಚಿಕೆಯೂ ಆಗಿತ್ತು. ಅಡಿಗೆಮನೆಯ ಡಬ್ಬಿಯಿಂದ ಅರಿಶಿಣ ತೆಗೆದು ಹಚ್ಚುತ್ತಿದ್ದವಳು ನಾನು.

ಎಪ್ಪತ್ತಾರನೇ ಇಸವಿಯ ಮಾಘದಲ್ಲಿ ಅವರು ಕಣ್ಣಿನ ಪೊರೆ ತೆಗೆಸಿಕೊಂಡರು. ಅದಕ್ಕೆ ಮೊದಲಿನ ತಿರುಗಾಟದಲ್ಲಿ ಕುರುಗೋಡಿನ ಪಕ್ಕೀರಮ್ಮ ಸಿಕ್ಕಿದ್ದಳು. ಗಂಡನಿಲ್ಲದವಳು, ಒಬ್ಬಳೇ ಮಗಳು ವಿರೂಪಮ್ಮ. “ಸಿರುಗುಪ್ಪದ ಹುಲುಗಪ್ಪನ ಮಗನಿಗೆ ಕೇಳೀವ್ರೀ. ಅವರು ಹೂಂ ಅಂದ್ರ ಮಗಳ ಸಂಗಾಟ ಮಷಿನ್ ಕಳಸ್ತೀನಿ” ಅಂದಳಂತೆ. ಹೂಂ ಅಂದ್ರ ಅನ್ನುವುದನ್ನು ಮಾವನವರು ಲೆಕ್ಕಕ್ಕೆ ಹಿಡಿಯಲಿಲ್ಲ. ಚೀಟಿಯನ್ನು ಮೂರನೇ ಗೂಡಿಗಿಟ್ಟು ಆಸ್ಪತ್ರೆಗೆ ಹೋದರು.

ಸೋಮವಾರ ಕಾರ್ಡು ಹೋಯಿತು.

ಶುಕ್ರವಾರ ಪಕ್ಕೀರಮ್ಮ ನಮ್ಮ ಬಾಗಿಲಲ್ಲಿ ನಿಂತಿದ್ದಳು, ಕೈಯಲ್ಲಿ ಅದೇ ಕಾರ್ಡು. ಮಾವನವರು ಕಣ್ಣಿಗೆ ಹಸಿರು ಬಟ್ಟೆ ಕಟ್ಟಿಕೊಂಡು ಪಡಸಾಲೆಯಲ್ಲಿ ಕೂತಿದ್ದರು.

“ಟಪಾಲಿನವನು ಓದಲಿಲ್ಲ ಯಜಮಾನ್ರ. ‘ಅರಿಶಿಣದ ಕಾರ್ಡು ಬಂದೈತಿ, ಬಾಯಿ ಸಿಹಿ ಮಾಡವ್ವಾ’ ಅಂದ. ನಾನೂ ಸಿರುಗುಪ್ಪದ್ದ ಅಂತ ತಿಳದು ಓಣಿಗೆಲ್ಲ ಸಕ್ಕರಿ ಹಂಚಿದೆ. ಸಂಜಿಗೆ ಮಾಸ್ತರ ಬಂದು ಓದಿದ್ರ, ಮಷಿನ್ ತಯಾರೈತಿ, ಒಳ್ಳೆ ದಿನ ನೋಡ್ರಿ ಅಂತ ಐತಿ!”

“ಮಾಸ್ತರ ಬರೂತನ ತಡೀಬೇಕಿತ್ತವ್ವಾ.”

“ತಡಿಯಾಕ ನೀವು ಮಗಳನ್ನ ಹಡದೀರೇನು?”

ಸಕ್ಕರೆಯ ಸುದ್ದಿ ಮರುದಿನದ ಬಸ್ಸಿನಲ್ಲೇ ಸಿರುಗುಪ್ಪ ಮುಟ್ಟಿತ್ತು. ಆ ಕಡೆಯಿಂದ ಇನ್ನೂ ಮಾತೇ ಬಂದಿರಲಿಲ್ಲ. “ನೀವ ಹೋಗಿ ಹೇಳ್ರಿ, ತಪ್ಪು ನಿಮ್ಮದಂತ. ನನ್ನ ಮಾತು ಯಾರು ನಂಬತಾರ?” ಎಂದು ಕಾರ್ಡನ್ನು ಅವರ ಕೈಗಿಟ್ಟಳು. ಅವರು ಕಾಣದ ಕಣ್ಣಿಗೆ ಅದನ್ನು ಹತ್ತಿರ ಹಿಡಿದು ಮೂಲೆ ಮೂಲೆ ಸವರಿದರು. ಬೆರಳು ಹಳದಿಯಾಯಿತು.

ಬಟ್ಟೆ ಬಿಚ್ಚುವುದಕ್ಕೆ ಇನ್ನೂ ವಾರವಿತ್ತು. ಆದರೂ ಸೋಮವಾರ ಬೆಳಕು ಹರಿಯುವ ಮೊದಲೇ ಅವರ ಕೈ ಹಿಡಿದು, ಮಗುವನ್ನು ಸೊಂಟಕ್ಕಿಟ್ಟು, ಸಿರುಗುಪ್ಪದ ಬಸ್ಸು ಹತ್ತಿದೆ.

ಹುಲುಗಪ್ಪ ಕಂಬಳಿ ಹಾಸಿದ, ಚಹಾ ಕೊಡಿಸಿದ. ಮಾವನವರು ಪೆಟ್ಟಿಗೆ, ಗೂಡು, ಅರಿಶಿಣ ಎಲ್ಲ ಹೇಳಿದರು.

“ನಿಮ್ಮ ಮಾತು ಖರೇನ ಇರಬಹುದು” ಎಂದ ಹುಲುಗಪ್ಪ. “ಇಲ್ಲಿ ಜನ ಏನಂತಾರ ಗೊತ್ತೇನ್ರಿ? ಸಕ್ಕರಿ ತಿಂದವರು ಕುರುಗೋಡಿನವರು, ಮಾತು ಕೊಟ್ಟವರು ನಾವಂತ! ಈಗ ಹೂಂ ಅಂದ್ರ, ಅಕಿ ಸಕ್ಕರಿಗೆ ಅಂಜಿ ಹೂಂ ಅಂದ ಅಂತಾರ.”

“ಹುಡುಗಿದು ಏನು ತಪ್ಪೈತಿ ಹುಲುಗಪ್ಪಾ?”

“ಏನೂ ಇಲ್ಲ. ನಿಮ್ಮದೂ ಇಲ್ಲ, ನಮ್ಮದೂ ಇಲ್ಲ. ನೀವು ಮಷಿನ್ ಮಾರ್ರಿ ಯಜಮಾನ್ರ. ಮದುವಿ ನಾವು ನೋಡ್ಕೊಂತೀವಿ.”

ಅವನು ಸಿಟ್ಟು ಮಾಡಿ ಒಲ್ಲೆ ಅಂದಿದ್ದರೆ ಕಾಲಾದರೂ ಹಿಡಿಯಬಹುದಿತ್ತು. ಬಸ್ಸಿನ ತನಕ ಬಂದು, ಮಗುವಿನ ಕೈಗೆ ಬಾಳೆಹಣ್ಣು ಕೊಟ್ಟು ಕಳಿಸಿದ.

ಮನೆಗೆ ಬಂದು ಕಾಲು ತೊಳೆದು ನೋಡುತ್ತೇನೆ, ಬಾಗಿಲ ಹಿಂದಿನ ತಂತಿ ಖಾಲಿ. “ಇವತ್ತಿನ ಕಾರ್ಡು?” ಅಂದೆ.

“ಮುಂಜಾನೇನ ಹಾಕಿದೆ. ಸೋಮವಾರ ಅಲ್ಲೇನು?” ಎಂದರು ನಮ್ಮವರು. ಅವರ ತಪ್ಪೇನಿದೆ? ಉತ್ತರ ಬರದ ಪಕ್ಕೀರಮ್ಮನಿಗೆ ಎರಡನೇ ಕಾರ್ಡು. ನಾನೇ ಬರೆದದ್ದು, ನಾನೇ ಅರಿಶಿಣ ಹಚ್ಚಿದ್ದು. ಈ ಗದ್ದಲದಲ್ಲಿ ಮೂವರಿಗೂ ನೆನಪಾಗಲಿಲ್ಲ. ಡಬ್ಬಿಯ ತನಕ ಓಡಿದೆ. ಅದರೊಳಗಿನ ಟಪಾಲನ್ನು ಆಗಲೇ ತೆಗೆದುಕೊಂಡು ಹೋಗಿದ್ದರು.

ಮಾವನವರು ರಾತ್ರಿ ಊಟ ಮಾಡಲಿಲ್ಲ. “ನೀನ ಹೋಗು ಅಮ್ಮಾಯಿ. ಹುಲುಗಪ್ಪನ ಮಾತು ಹೇಳು. ಕಾರ್ಡಿನಕಿಂತ ಮೊದಲ ಹೋಗು.”

ಮಂಗಳವಾರ ಮೊದಲ ಬಸ್ಸಿಗೆ ಕುರುಗೋಡಿಗೆ ಹೊರಟೆ. ಟಪಾಲಿನ ಚೀಲವೂ ಅದೇ ಬಸ್ಸಿಗೆ ಬಂತು, ಕಂಡಕ್ಟರನ ಕಾಲ ಬಳಿ. ಬಾಯಿಗೆ ದಾರ ಬಿಗಿದು ಅರಗು ಒತ್ತಿದ್ದರು. ದಾರಿಯುದ್ದಕ್ಕೂ ಮಗು ಅದನ್ನು ಒದೆಯಲು ಕಾಲು ಚಾಚುತ್ತಿತ್ತು. ನಾನು ಕಾಲು ಹಿಡಿದುಕೊಂಡು ಕೂತೆ.

ಪಕ್ಕೀರಮ್ಮನ ಮನೆಗೆ ಕಾರ್ಡಿಗಿಂತ ಮೊದಲೇ ಹೋದೆ. ಅವಳು ಏನೂ ಕೇಳಲಿಲ್ಲ. ಮಗುವನ್ನು ಎತ್ತಿಕೊಂಡಳು, ಮಜ್ಜಿಗೆ ಕೊಟ್ಟಳು, “ಬಿಸಿಲಾಗ ಬಂದಿ, ಕುಂದ್ರು” ಅಂದಳು. ವಿರೂಪಮ್ಮ ಒಳಬಾಗಿಲಲ್ಲಿ ನಿಂತು ನನ್ನ ಮುಖವನ್ನೇ ನೋಡುತ್ತಿದ್ದಳು. ಹದಿನೇಳೋ ಹದಿನೆಂಟೋ ಇರಬೇಕು, ಕೈಹೊಲಿಗೆಯ ರವಿಕೆ, ಹೊಲಿಗೆ ಬಹಳ ಸಣ್ಣದು, ಚೆಂದ. ಮಜ್ಜಿಗೆ ಕುಡಿದು ಹೇಳೋಣ ಅಂದುಕೊಂಡೆ. ಕುಡಿದಾಯಿತು. ಮಗುವಿನ ಮುಖ ಒರೆಸಿ ಹೇಳೋಣ ಅಂದುಕೊಂಡೆ.

ಅಷ್ಟರಲ್ಲಿ ಟಪಾಲಿನವನು ಕಟ್ಟೆಯ ಮೇಲೆ ಕಾರ್ಡು ಎಸೆದು ಹೋದ.

ಪಕ್ಕೀರಮ್ಮ ಓಣಿಯ ಆಚೆ ಈಚೆ ನೋಡಿ, ಅದನ್ನು ಸೆರಗಿನೊಳಗೆ ಮುಚ್ಚಿಕೊಂಡು ಬಂದಳು. ಬಾಗಿಲು ಹಾಕಿದಳು.

“ಈ ಸಲ ಯಾರಿಗೂ ಹೇಳಂಗಿಲ್ಲ” ಎಂದು ಪಿಸುಗುಟ್ಟಿದಳು. “ನಿಮ್ಮ ಮಾವ ಹೋಗಿ ಬಂದಾರಲ್ಲ, ಹುಲುಗಪ್ಪ ಬರದಿರಬೇಕು. ನಿಮ್ಮದೊಂದು ಬಂದೈತಿ, ಮತ್ತೊಂದ್ಯಾಕ ಬರ್ತೈತಿ? ನೀನ ಓದು ತಾಯಿ. ಮೆಲ್ಲಕ ಓದು.”

ವಿರೂಪಮ್ಮ ಇನ್ನೂ ಹತ್ತಿರ ಬಂದಳು.

ನಾಲ್ಕು ಮೂಲೆಯ ಅರಿಶಿಣದ ನಡುವೆ ನನ್ನ ದುಂಡು ಅಕ್ಷರ. ಬಾಯಿಪಾಠ ಬರುವ ಮಾತು. ಆದರೂ ಓದಿದೆ.

“ತಮ್ಮ ಉತ್ತರ ಬರಲಿಲ್ಲ. ಶುಭ ಕಾರ್ಯಕ್ಕೆ ತಡವೇಕೆ? ಮಷಿನ್ ತಮ್ಮ ದಾರಿ ಕಾಯುತ್ತಿದೆ.”

ಸಂಜೆ ಮನೆಗೆ ಬಂದಾಗ ಮಾವನವರು ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದರು. ತಡಕಾಡಿ ಪಕ್ಕೀರಮ್ಮನ ಚೀಟಿ ಹೊರಗೆ ತೆಗೆಸಿದರು. “ಎಲ್ಲಿ ಇಡ್ಲಿ ಮಾವಾ?” ಅಂದೆ. ನಾಲ್ಕೂ ಗೂಡಿನ ಮೇಲೆ ಒಂದೊಂದಾಗಿ ಬೆರಳಾಡಿಸಿದರು. ಮತ್ತೆ ಮೊದಲಿನಿಂದ ಆಡಿಸಿದರು.