ಒಂದು ಬಂಕು, ಇಬ್ಬರು ವಾರಸುದಾರರು

ನನ್ನ ಅಪ್ಪನೂ ಸೋದರಮಾವನೂ ನಾಲ್ಕು ವರ್ಷ ಒಂದೇ ಹಾಸಿಗೆಯಲ್ಲಿ ಮಲಗಿದವರು. ಆದರೂ ಒಬ್ಬರ ಗೊರಕೆಯನ್ನು ಇನ್ನೊಬ್ಬರು ಕೇಳಿರಲಿಲ್ಲ. ನೌಕಾಪಡೆಯ ಸಬ್‌ಮರೀನಿನಲ್ಲಿ ಜಾಗಕ್ಕೆ ಬಡತನ. ಟಾರ್ಪೆಡೊಗಳ ಪಕ್ಕದಲ್ಲಿದ್ದ ಒಂದು ಬಂಕಿಗೆ, ಎಂದರೆ ಗೋಡೆಗೆ ಹಚ್ಚಿದ ಇಕ್ಕಟ್ಟಿನ ಮಂಚಕ್ಕೆ, ಇಬ್ಬರು ವಾರಸುದಾರರು. ಒಬ್ಬ ಪಾಳಿ ಮುಗಿಸಿ ಬಂದಾಗ ಇನ್ನೊಬ್ಬ ಎದ್ದು ಪಾಳಿಗೆ ಹೋಗಬೇಕು. ಹಾಸಿಗೆಯ ಬಿಸಿ ಆರುತ್ತಲೇ ಇರಲಿಲ್ಲ.

ಅಪ್ಪ ಬ್ಯಾಟರಿಯವನು. ನೀರಿನಡಿಯಲ್ಲಿ ಸಬ್‌ಮರೀನು ಸದ್ದಿಲ್ಲದೆ ಓಡುವುದು ಬ್ಯಾಟರಿಯಿಂದ. ಅದು ಬರಿದಾಗುವ ಮುಂಚೆ ಮೇಲೆ ಬಂದು, ಗಾಳಿಯ ಕೊಳವೆಯನ್ನು ಹೊರಗೆ ಚಾಚಿ, ಡೀಸೆಲ್ ಎಂಜಿನ್ ಓಡಿಸಿ ಅದರ ಹೊಟ್ಟೆ ತುಂಬಿಸಬೇಕು. ನೆಲದಡಿಯ ಸಂದಿಯಲ್ಲಿ ತೆವಳುತ್ತಾ ಒಂದೊಂದು ಸೆಲ್ಲಿನ ಯೋಗಕ್ಷೇಮ ವಿಚಾರಿಸುವುದು ಅಪ್ಪನ ಕೆಲಸ. ಮಾವನದು ಕಿವಿಯ ಕೆಲಸ. ಹೆಡ್‌ಫೋನ್ ಹಾಕಿಕೊಂಡು, ದೂರದ ಹಡಗಿನ ಸದ್ದು ಕೇಳಿಯೇ ಅದರ ಕುಲಗೋತ್ರ ಹೇಳುತ್ತಿದ್ದ. ಅದೇ ಮಾವನಿಗೆ ಮನೆಯಲ್ಲಿ ಅಜ್ಜಿ ಅಂಗಡಿಗೆ ಹೋಗಿ ಬಾ ಎಂದು ಎಷ್ಟು ಕೂಗಿದರೂ ಕೇಳಿಸುತ್ತಿರಲಿಲ್ಲ.

ಅಮ್ಮ ಈ ಮಾವನ ಅಕ್ಕ. ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುತ್ತಿದ್ದಳು. ಒಂದು ರಜೆಯಲ್ಲಿ ಅಪ್ಪ ಅಲ್ಲಿ ಕಲಿಯಲು ಸೇರಿದ. ಸಮುದ್ರದೊಳಗೆಲ್ಲ ಸುತ್ತಿ ಬಂದ ಮನುಷ್ಯ, ಖಾಲಿ ಮೈದಾನದಲ್ಲಿದ್ದ ಒಂದೇ ಒಂದು ಕಂಬಕ್ಕೆ ಕಾರು ಗುದ್ದಿದ. ಅಮ್ಮ ಚೆನ್ನಾಗಿ ಬೈದಳು. ಮರುದಿನ ಅಪ್ಪ ಮತ್ತೆ ಹಾಜರು. ಬೈಸಿಕೊಳ್ಳುವುದಕ್ಕೇ ಹೋದನೆಂದು ನನ್ನ ಗುಮಾನಿ. ರಜೆ ಮುಗಿಯುವ ಹೊತ್ತಿಗೆ ಕಾರು ಓಡಿಸಲು ಬಂದಿರಲಿಲ್ಲ, ಮದುವೆಯಾದರೆ ಇವಳನ್ನೇ ಎಂಬುದು ಮಾತ್ರ ಖಾತ್ರಿಯಾಗಿತ್ತು. ಅಮ್ಮನಿಗೂ ಮನಸ್ಸಿತ್ತು. ಆದರೆ ಮನೆಯವರು ಬೇರೊಂದು ಸಂಬಂಧ ನೋಡಿದ್ದರು. ಅಪ್ಪ ಹೊರಡಲಿದ್ದ ಸಬ್‌ಮರೀನು ದಡಕ್ಕೆ ವಾಪಸಾಗುವ ವಾರವೇ ಅದರ ಮಾತುಕತೆ.

"ನನ್ನ ತಮ್ಮ ಹ್ಞೂಂ ಅಂದ್ರೆ ಮನೇಲಿ ಯಾರೂ ಅಡ್ಡ ಬರಲ್ಲ. ಅವನನ್ನ ನೀವೇ ಕೇಳಿ," ಎಂದಳು ಅಮ್ಮ. "ಕೇಳದೆ ದಡಕ್ಕೆ ಬಂದ್ರೆ ನನ್ನ ಹತ್ರ ಬರಬೇಡಿ."

ಇದೇನು ಮಹಾ ಎಂದುಕೊಂಡ ಅಪ್ಪ. ಆದರೆ ಇಬ್ಬರೂ ಎದುರಾಗುವುದು ಬಂಕಿನ ಬಳಿ ಮಾತ್ರ, ಅದೂ ಒಬ್ಬನ ಕಣ್ಣು ಇನ್ನೂ ತೆರೆಯದಿರುವಾಗ, ಇನ್ನೊಬ್ಬನ ಕಣ್ಣು ಎಳೆಯುತ್ತಿರುವಾಗ. ಮೊದಲ ಸಲ ಅಪ್ಪ ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಮಾವನಿಗೆ ನಿದ್ದೆ ಹತ್ತಿತ್ತು. ಇನ್ನೊಮ್ಮೆ ಪೂರ್ತಿ ಕೇಳಿಯೇಬಿಟ್ಟ. ಮಾವ ಹ್ಞೂಂ ಎಂದ. ಆ ಪಾಳಿಯಿಡೀ ಅಪ್ಪನ ಕಾಲು ನೆಲದ ಮೇಲಿರಲಿಲ್ಲ. ಆಮೇಲೆ ಅಡುಗೆಯವನಿಂದ ಗುಟ್ಟು ತಿಳಿಯಿತು: ನಿದ್ದೆಯಲ್ಲಿ ಮಾವ ಯಾರು ಏನು ಕೇಳಿದರೂ ಹ್ಞೂಂ ಎನ್ನುವವನಂತೆ. ಹಾಗೆಯೇ ಕೇಳಿ ಕೇಳಿ ಅಡುಗೆಯವನು ಅವನ ಪಾಲಿನ ಬಿಸ್ಕತ್ತನ್ನೆಲ್ಲ ತಿಂದು ಮುಗಿಸಿದ್ದ.

ವಾಪಸಾಗುವ ಮುನ್ನ ಒಂದು ಕವಾಯತು ಇತ್ತು. ಮೇಲೆ ತಮ್ಮದೇ ಪಡೆಯ ಹಡಗುಗಳು ಹುಡುಕುವುದು, ಕೆಳಗೆ ಇವರು ಅಡಗುವುದು. ಮಾವ ಪಾಳಿ ಮುಗಿಸಿ ಬಂದಿದ್ದ. ಅಪ್ಪ ಇನ್ನೂ ಬಂಕಿನಿಂದ ಇಳಿದಿರಲಿಲ್ಲ. ಅಷ್ಟರಲ್ಲಿ ಅಪ್ಪಣೆ ಬಂತು: ಯಾರೂ ನಡೆಯಬಾರದು, ಮಾತಾಡಬಾರದು, ಪಾಳಿಯಲ್ಲಿಲ್ಲದವರು ಇದ್ದಲ್ಲೇ ಮಲಗಬೇಕು. ಮಾವ ವಿಧಿಯಿಲ್ಲದೆ ಅಪ್ಪನ ಪಕ್ಕ ತೂರಿಕೊಂಡ. ಅಂತೂ ಪೂರ್ತಿ ಎಚ್ಚರವಿರುವ ಮಾವ ಕೈಗೆ ಸಿಕ್ಕಿದ್ದ. ಆದರೆ ಬಾಯಿ ತೆರೆಯುವಂತಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವುದು ಇದಕ್ಕೇ.

ನಾಳೆಯೇ ದಡ. ಅಪ್ಪ ಧೈರ್ಯ ಮಾಡಿ ಮಾವನ ಕಿವಿಗೆ ಬಾಯಿ ಹಚ್ಚಿ ಉಸಿರಿನಲ್ಲೇ ಹೇಳಿದ: "ನಿಮ್ಮಕ್ಕನ್ನ ಮದುವೆ ಆಗ್ಬೇಕು ಅಂತಿದೀನಿ ಕಣೋ. ಅವಳೂ ಒಪ್ಪಿದಾಳೆ. ನೀನೇನಂತೀಯ?"

ಮಾವನ ಮೈ ಬಿಗಿಯಿತು. ಆಮೇಲೆ ಗಡಗಡ ನಡುಗತೊಡಗಿತು. ಮುಖ ದಿಂಬಿನಲ್ಲಿ ಹುದುಗಿತ್ತು. ಕೋಪವೋ ಅಳುವೋ ಅಪ್ಪನಿಗೆ ತಿಳಿಯಲಿಲ್ಲ. ಮತ್ತೆ ಕೇಳುವಂತಿಲ್ಲ, ಎದ್ದು ಹೋಗುವಂತಿಲ್ಲ. ತಲೆಯ ಮೇಲೆ ಹಡಗುಗಳು ಹೋದವು, ಬಂದವು. ಅವು ನಮ್ಮನ್ನು ಹಿಡಿದರೂ ಸರಿ, ಇವನೊಮ್ಮೆ ಬಾಯಿ ಬಿಟ್ಟರೆ ಸಾಕು ಎನಿಸಿತ್ತಂತೆ. ಅಷ್ಟು ಭಯವನ್ನು ಅಪ್ಪ ಜನ್ಮದಲ್ಲಿ ಪಟ್ಟವನಲ್ಲ.

ಕೊನೆಗೆ ಹಡಗುಗಳು ಕೈಚೆಲ್ಲಿ ದೂರ ಹೋದವು. ಸಬ್‌ಮರೀನು ಮೇಲೆ ಬಂತು, ಅದರ ಡೀಸೆಲ್ ಎಂಜಿನ್‌ಗಳು ಗುಡುಗಿದವು; ಒಳಗೆಲ್ಲ ಕೇಕೆ. ಮಾವ ಮುಖ ಎತ್ತಿದ. ನಗು ತಡೆದು ತಡೆದು ಅವನ ಕಣ್ಣಲ್ಲಿ ನೀರು ಸುರಿದಿತ್ತು, ದಿಂಬಿನ ಮೂಲೆಯಲ್ಲಿ ಹಲ್ಲಿನ ಗುರುತು ಮೂಡಿತ್ತು.

"ಭಾವ, ಸ್ವಲ್ಪ ಆಚೆ ಸರೀರಿ," ಎಂದ. "ನನ್ನ ಕೈ ಜೋಮು ಹಿಡಿದಿದೆ."

ಅಪ್ಪ ಸರಿದ ರಭಸಕ್ಕೆ ಬಂಕಿನಿಂದ ಕೆಳಗೆ ಬಿದ್ದ. ಬಿದ್ದಲ್ಲೇ ಮಲಗಿ ನಗುತ್ತಿದ್ದನಂತೆ.