ಹೇಮಾಕ್ಷಿ ತಟ್ಟಿದರೆ ಮಾತ್ರ

ಜೆಪ್ಪುವಿನ ಹೇಮಾಕ್ಷಿ ತಟ್ಟದೆ ಯಾವ ಬಾಗಿಲನ್ನೂ ತೆರೆದವಳಲ್ಲ. ಕಾನ್ವೆಂಟಿನಲ್ಲಿ ನಾವಿಬ್ಬರೂ ಒಂದೇ ಬೆಂಚಿನವರು. ಬದುಕಿರುವವರ ಬಾಗಿಲನ್ನು ಹೇಗೆ ತಟ್ಟಬೇಕೆಂದು ಸಿಸ್ಟರ್ ಇಬ್ಬರಿಗೂ ಕಲಿಸಿದ್ದರು: ಮೆತ್ತಗೆ, ಉಗುರು ತಾಗದ ಹಾಗೆ, ಆಮೇಲೆ ‘ಮೇ ಐ ಕಮ್ ಇನ್’. ಸತ್ತವರ ಬಾಗಿಲು ತಟ್ಟುವುದನ್ನು ಮಾತ್ರ ಅವಳು ಮನೆಯಲ್ಲಿ ಕಲಿತಳು. ಆ ಪೋರ್ಶನ್ ನಮ್ಮ ಸಿಲೆಬಸ್ಸಿನಲ್ಲಿ ಇರಲಿಲ್ಲ.

ಮಳೆಗಾಲದ ನಡುವೆ ಬರುವ ತುಳುವರ ಆಟಿ ತಿಂಗಳಲ್ಲಿ ಒಂದು ದಿನ ಅವರ ಮನೆಯಲ್ಲಿ ಕುಲೆಗಳಿಗೆ, ಅಂದರೆ ಮನೆಯಿಂದ ತೀರಿಹೋದವರಿಗೆ, ಬಡಿಸುತ್ತಾರೆ. ಒಳಕೋಣೆಯಲ್ಲಿ ಸಾಲಾಗಿ ಬಾಳೆ ಎಲೆ, ಕೋಳಿ ಸಾರು, ರೊಟ್ಟಿ, ಅವರವರಿಗೆ ಇಷ್ಟದ ಮೀನು. ಬಡಿಸಿದ ಮೇಲೆ ಎಲ್ಲರೂ ಹೊರಗೆ ಬಂದು ಬಾಗಿಲು ಎಳೆದುಕೊಳ್ಳುತ್ತಾರೆ. ಒಳಗೆ ಏನಾಗುತ್ತದೆಂದು ಯಾರೂ ನೋಡುವ ಹಾಗಿಲ್ಲ. ಸ್ವಲ್ಪ ಹೊತ್ತಿನ ನಂತರ ಮನೆಯವರೊಬ್ಬರು ಬೆರಳ ಗೆಣ್ಣಿನಿಂದ ಬಾಗಿಲು ತಟ್ಟಬೇಕು, ಆಮೇಲೆ ತೆರೆಯಬೇಕು. ತಟ್ಟದೆ ತೆರೆದರೆ ಉಣ್ಣುತ್ತಿರುವವರು ಅರ್ಧದಲ್ಲಿ ಏಳಬೇಕಾಗುತ್ತದೆ. ಹಾಗೆ ಏಳುವುದನ್ನು ನೋಡಿದವರು ಆಮೇಲೆ ಹೇಗಿದ್ದರೆಂದು ಆ ಮನೆಯಲ್ಲಿ ಯಾರೂ ಹೇಳುವುದಿಲ್ಲ.

ಮುದ್ದು ಎಂಬ ಹೆಸರಿನ ತಾಯಿ ತೀರಿಕೊಂಡ ಮೇಲೆ ತಟ್ಟುವ ಕೆಲಸ ಹೇಮಾಕ್ಷಿಯ ಪಾಲಿಗೆ ಬಂತು. ಮೊದಲ ಸಲ ಸೋದರಮಾವ ನೋಣಯ್ಯ ಅವಳ ಹಿಂದೆಯೇ ನಿಂತಿದ್ದರು.

“ಗಡಿಬಿಡಿ ಮಾಡ್ಬೇಡ ಮಗಾ. ನಿನ್ನಮ್ಮ ಮೀನಿನ ಮುಳ್ಳು ತೆಗೆಯುವುದು ಯಾವಾಗಲೂ ನಿಧಾನ.”

ಹೇಮಾಕ್ಷಿ ಊರಿನ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರದ ಪ್ರಯೋಗಾಲಯ ನೋಡಿಕೊಳ್ಳುತ್ತಾಳೆ. ಕೂದಲು ಬೆಳ್ಳಗಾಗಲು ಶುರುವಾದ ಮೇಲೆ ಪಿಎಚ್‌ಡಿಗೆ ಸೇರಿದಳು. ಅವಳ ಗೈಡ್ ವಿಶ್ವೇಶ ವಯಸ್ಸಿನಲ್ಲಿ ಅವಳಿಗಿಂತ ಎಷ್ಟೋ ಚಿಕ್ಕವರು, ದೇವಸ್ಥಾನದ ಅರ್ಚಕರ ಮನೆಯವರು. ಗೈಡ್ ಎಂದರೆ ದಾರಿ ತೋರಿಸುವವರು; ಇವರ ವಿಷಯವೋ, ದಾರಿಯೇ ಇಲ್ಲದೆ ದಾಟುವುದು. ಪುಸ್ತಕದ ಕನ್ನಡದಲ್ಲಿ ಅದನ್ನು ಕ್ವಾಂಟಂ ಸುರಂಗ ಎನ್ನುತ್ತಾರೆ. ನಮ್ಮ ಕಡೆ ಸುರಂಗ ಕೊರೆದರೆ ಗುಡ್ಡದಿಂದ ನೀರಾದರೂ ಬರುತ್ತದೆ. ಈ ಸುರಂಗವನ್ನು ಯಾರೂ ಕೊರೆಯುವುದಿಲ್ಲ, ಅದರೊಳಗೆ ಯಾರೂ ನಡೆಯುವುದೂ ಇಲ್ಲ. ಆದರೂ ಆಚೆ ಕಡೆ ಇರುತ್ತಾರೆ.

ಕಾಲೇಜಿನ ನೆಲಮಾಳಿಗೆಯಲ್ಲಿ ಅವರು ಪ್ರಯೋಗ ಮಾಡುವ ಕೋಣೆಗೆ ಕಿಟಕಿಯಿಲ್ಲ. ಮಧ್ಯಾಹ್ನವೂ ಅಲ್ಲಿ ಕತ್ತಲೆ. ಗಾಳಿ ತುಂಬಿದ ಕಾಲುಗಳ ಮೇಲೆ ತೇಲುವ ದೊಡ್ಡ ಉಕ್ಕಿನ ಮೇಜು, ಮೇಜಿನ ತುಂಬ ಪುಟ್ಟ ಕನ್ನಡಿಗಳು, ನಡುವೆ ಒಳಗಿನ ಗಾಳಿಯನ್ನೆಲ್ಲ ಹೀರಿ ತೆಗೆದ ಒಂದು ಗಾಜಿನ ಡಬ್ಬಿ. ಡಬ್ಬಿಯೊಳಗೆ ಲೇಸರಿನಿಂದ ತಣ್ಣಗಾಗಿಸಿದ ರುಬಿಡಿಯಂ ಪರಮಾಣುಗಳ ಚಿಟಿಕೆಯಷ್ಟು ಮೋಡ. ಇಡೀ ಮಂಗಳೂರಿನಲ್ಲಿ ಅಷ್ಟು ತಂಪಾದ ಜಾಗ ಇನ್ನೊಂದಿಲ್ಲ, ಐಸ್‌ಕ್ರೀಮಿನವರು ಬೇಸರಿಸಬಾರದು. ಎದುರುಬದುರಾಗಿ ಬರುವ ಲೇಸರುಗಳು ಮೋಡ ಇರುವಲ್ಲಿ ಬೆಳಕಿನ ಹೊಂಡಗಳ ಸಾಲೊಂದನ್ನು ಮಾಡುತ್ತವೆ. ಆ ಸಾಲನ್ನು ತಾಳಕ್ಕೆ ಸರಿಯಾಗಿ ಅಲುಗಾಡಿಸಿದರೆ ಕೆಲವು ಪರಮಾಣುಗಳು ತಾಳ ಹಿಡಿದು ಬಲಕ್ಕೇ ಸಾಗುತ್ತವೆ, ಕೆಲವು ಎಡಕ್ಕೇ. ಎರಡು ಗುಂಪುಗಳ ನಡುವೆ ಇರುವುದು ತಾಳ ತಪ್ಪಿದ ಗಲಾಟೆ. ಅದರಲ್ಲಿ ಸಿಕ್ಕಿದ್ದು ಮುಂದಿನ ಕ್ಷಣ ಎಲ್ಲಿರುತ್ತದೆಂದು ಲೆಕ್ಕ ಹಾಕಿ ಪ್ರಯೋಜನವಿಲ್ಲ.

ಪಂಪ್‌ವೆಲ್ ಸರ್ಕಲಿನಲ್ಲಿ ನೀವು ಊರು ಬಿಟ್ಟು ಹೊರಟ ತಲಪಾಡಿ ಬಸ್ಸಿನ ಕಿಟಕಿಯ ಪಕ್ಕ ಕುಳಿತಿದ್ದೀರಿ ಎಂದಿಟ್ಟುಕೊಳ್ಳಿ. ನೀವು ಇಳಿಯಲಿಲ್ಲ, ರಸ್ತೆ ದಾಟಲಿಲ್ಲ, ಫ್ಲೈಓವರಿನ ಅಡಿಯ ಆ ಗಲಾಟೆಯಲ್ಲಿ ನಿಮ್ಮನ್ನು ಯಾರೂ ಕಾಣಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ನೀವು ಎದುರಿನಿಂದ ಊರೊಳಗೆ ಬರುವ ಸ್ಟೇಟ್‌ಬ್ಯಾಂಕ್ ಬಸ್ಸಿನ ಕಿಟಕಿಯ ಪಕ್ಕ ಇದ್ದೀರಿ. ಎರಡು ಬಸ್ಸುಗಳೂ ನಿಧಾನ ಕೂಡ ಮಾಡಿಲ್ಲ. ಬಲಕ್ಕೆ ಹೊರಟ ಪರಮಾಣುಗಳು ಹೀಗೆ ಎಡಕ್ಕೆ ಹೋಗುವ ಗುಂಪಿನಲ್ಲಿ ಕಾಣಿಸಿಕೊಳ್ಳುತ್ತವೆ. ಇನ್ನಷ್ಟು ಹೊತ್ತು ಬಿಟ್ಟರೆ ಪುನಃ ಬಲಕ್ಕೆ. ನಡುವಿನ ಗಲಾಟೆ ಅಡ್ಡ ಬರುವುದಿಲ್ಲ, ಒಳಗಿಂದೊಳಗೆ ಸಹಾಯವನ್ನೇ ಮಾಡುತ್ತದೆ. ಆದರೆ ಗಲಾಟೆಯವರ ಸಹಾಯ ನಂಬುವ ಹಾಗಿಲ್ಲವಲ್ಲ: ಅಲುಗಾಟ ಕೂದಲೆಳೆಯಷ್ಟು ಬದಲಾದರೂ ದಾಟುವುದಕ್ಕೆ ಹಿಡಿಯುವ ಹೊತ್ತು ಪೂರ್ತಿ ಬದಲಾಗುತ್ತದೆ.

ನೋಡಲು ಇರುವುದು ಒಂದೇ ಅವಕಾಶ. ಬೆಳಕು ಬಿಟ್ಟು ಚಿತ್ರ ತೆಗೆದ ಕೂಡಲೇ ಮೋಡ ಚದುರಿಹೋಗುತ್ತದೆ. ಮತ್ತೆ ಹೊಸ ಮೋಡ ಮಾಡಬೇಕು, ಮತ್ತೆ ಕತ್ತಲೆಯಲ್ಲಿ ಅದನ್ನು ಅದರಷ್ಟಕ್ಕೆ ಬಿಡಬೇಕು.

ಹೇಮಾಕ್ಷಿ ತೆಗೆದ ಚಿತ್ರಗಳಲ್ಲಿ ಮೋಡ ದಾಟಿತ್ತು. ಒಂದು ದಿನವಲ್ಲ, ಒಂದಿಡೀ ಬೇಸಿಗೆ. ಒಂದನ್ನು ಫೋನಿನಲ್ಲಿ ನನಗೂ ತೋರಿಸಿದಳು. ಎಡಗಡೆ ಒಂದು ಬಿಳಿ ಮಚ್ಚೆ, ಉಳಿದದ್ದು ಕಪ್ಪು.

“ನಡುವೆ ಎಂತ ಉಂಟು?” ಎಂದೆ.

“ಎಂತದೂ ಇಲ್ಲ.”

“ಮತ್ತೆ ದಾಟಿದ್ದು ಹೇಗೆ ಮಾರಾಯ್ತಿ?”

“ದಾಟಿದ್ದು ನಾನು ನೋಡ್ಲಿಲ್ಲ. ಆಚೆ ಇದ್ದದ್ದು ನೋಡಿದೆ.”

ಆ ಮಚ್ಚೆಯ ಮೇಲೆಯೇ ಅವಳ ಥೀಸಿಸ್ ನಿಂತಿತ್ತು. ಕಳಿಸುವ ಮೊದಲು ವಿಶ್ವೇಶ ಒಂದು ಮಧ್ಯಾಹ್ನ ತಾವೇ ಕುಳಿತು ಪ್ರಯೋಗ ಮಾಡಿ ನೋಡಿದರು. ಅದೇ ಲೇಸರು, ಅದೇ ಅಲುಗಾಟ, ಕಾಯುವ ಹೊತ್ತೂ ಅದೇ. ಮಚ್ಚೆ ಬಲಗಡೆಯೇ ಇತ್ತು. ಪುನಃ ಮಾಡಿದರು. ಬಲ. ಎದ್ದು ಹೇಮಾಕ್ಷಿಗೆ ಕುರ್ಚಿ ಬಿಟ್ಟುಕೊಟ್ಟರು. ಅವಳು ಮಾಡಿದಾಗ ಎಡ. ವಿಶ್ವೇಶ ಕುಳಿತರೆ ಬಲ, ಹೇಮಾಕ್ಷಿ ಕುಳಿತರೆ ಎಡ. ಗೈಡ್ ಸಾಹೇಬರನ್ನು ಅಣುಗಳು ಅಣಕಿಸುತ್ತಿದ್ದವು.

“ನಿಮ್ಮ ಹತ್ರ ಮಂತ್ರ ಎಂತಾದ್ರೂ ಉಂಟಾ ಮೇಡಂ?”

“ಮಂತ್ರ ಇರ್ಬೇಕಾದ್ದು ನಿಮ್ಮ ಮನೆಯಲ್ಲಲ್ವಾ ಸರ್?”

ಇಬ್ಬರೂ ನಕ್ಕರು. ಸಂಜೆಯ ಹೊತ್ತಿಗೆ ನಗು ನಿಂತಿತ್ತು. ಕೊನೆಗೆ ವಿಶ್ವೇಶ, “ಒಬ್ಬರ ಕೈಯಲ್ಲಿ ಮಾತ್ರ ಬರುವುದನ್ನು ಕಳಿಸ್ಲಿಕ್ಕೆ ಆಗುದಿಲ್ಲ,” ಎಂದರು. “ಕಾರಣ ಸಿಗದಿದ್ರೆ ಥೀಸಿಸ್ ಬಿಟ್ಟೇ ಬಿಡ್ಬೇಕು. ಜನ ಎಂತ ಹೇಳ್ತಾರೆ ಗೊತ್ತುಂಟಲ್ಲ?”

“ಇಲ್ಲದ ಚಿತ್ರ ನಾನೇ ಮಾಡಿದ್ದು ಅಂತ.”

“ನಾನು ಹಾಗೆ ಹೇಳ್ಲಿಲ್ಲ.”

“ನೀವು ಹೇಳ್ಲಿಲ್ಲ ಸರ್. ನನಗೆ ಕೇಳಿತು.”

ಆ ರಾತ್ರಿ ಅವಳಿಗೆ ನಿದ್ದೆ ಬಂದಂತೆ ಕಾಣುವುದಿಲ್ಲ. ಸುಳ್ಳು ಹೇಳಿದವಳೆಂದು ಕರೆಸಿಕೊಂಡು ಅದೇ ಕಾರಿಡಾರಿನಲ್ಲಿ ನಿವೃತ್ತಿಯವರೆಗೆ ನಡೆದಾಡಬೇಕಲ್ಲ. ಆದರೆ ಅವಳನ್ನು ಹೆಚ್ಚು ಕಾಡಿದ್ದು ಬೇರೆಯೇ. ತನ್ನ ಮಾತನ್ನು ಕೇಳುವವರು ಆ ಡಬ್ಬಿಯಲ್ಲಿ ಯಾರು?

ಮರುದಿನ ವಿಶ್ವೇಶ ಪರದೆಯನ್ನು ನೋಡಲಿಲ್ಲ. ಅವಳ ಹಿಂದೆ ಸ್ಟೂಲ್ ಹಾಕಿ ಕುಳಿತು ಅವಳ ಕೈಗಳನ್ನೇ ನೋಡಿದರು. ಅವಳು ಮೋಡ ತುಂಬಿಸಿದಳು. ಅದು ತಣ್ಣಗಾಗುವವರೆಗೆ ಕಾದಳು. ಅಲುಗಾಟದಿಂದ ಚಿತ್ರದವರೆಗೆ ಎಲ್ಲವನ್ನೂ ನಡೆಸುವ ಗುಂಡಿ ಒತ್ತುವ ಮೊದಲು ಅವಳ ಬಲಗೈಯ ನಡುಬೆರಳ ಗೆಣ್ಣು ಮೇಜಿನ ಅಂಚನ್ನು ಮೆತ್ತಗೆ ತಟ್ಟಿತು.

“ಅದೆಂತ?”

“ಯಾವುದು ಸರ್?”

“ಈಗ ತಟ್ಟಿದ್ರಲ್ಲ?”

“ನಾನಾ?”

ಅವಳಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಮೇಜಿನ ಅದಿರಾಟ ಹಿಡಿಯುವ ಸೆನ್ಸರಿನ ಗೆರೆಯನ್ನು ವಿಶ್ವೇಶ ಪರದೆಗೆ ತಂದರು. ಅವರು ಮಾಡಿದ ಪ್ರಯೋಗಗಳಲ್ಲಿ ಗೆರೆ ಸಪಾಟು. ಹೇಮಾಕ್ಷಿಯ ಪ್ರತಿ ಪ್ರಯೋಗದ ಆರಂಭದಲ್ಲೂ ಒಂದು ಸಣ್ಣ ನಡುಕ. ಇಡೀ ಬೇಸಿಗೆಯ ಎಲ್ಲ ಗೆರೆಗಳಲ್ಲೂ ಅದೇ. ತಾನು ತಟ್ಟಿದ ನೆನಪೇ ಇಲ್ಲದ ಅಷ್ಟೂ ತಟ್ಟುಗಳನ್ನು ಅವಳು ಕುಳಿತು ನೋಡಿದಳು. ಆಮೇಲೆ ಆಟಿಯ ಊಟದ ವಿಷಯ ಹೇಳಿದಳು.

ವಿಶ್ವೇಶ ನಗಲಿಲ್ಲ. “ನಮ್ಮಲ್ಲೂ ನೈವೇದ್ಯ ಇಟ್ಟು ಬಾಗಿಲು ಹಾಕ್ತಾರೆ. ತೆರೆಯುವ ಮೊದಲು ಅಪ್ಪ ಗಂಟೆ ಬಾರಿಸ್ತಾರೆ.”

“ನೀವು ಇಲ್ಲಿ ಗಂಟೆ ಬಾರಿಸ್ಲಿಲ್ಲ ಅಲ್ವಾ.”

“ಇಲ್ಲಿ ಯಾರಾದ್ರೂ ಉಣ್ತಾ ಇದ್ದಾರೆ ಅಂತ ನಾನು ಎಣಿಸ್ಲಿಲ್ಲ ಮೇಡಂ.”

“ನಾನೂ ಎಣಿಸ್ಲಿಲ್ಲ ಸರ್. ಕೈ ಎಣಿಸಿದ್ದು.”

ಇನ್ನು ಉಳಿದದ್ದು ಒಂದೇ ಅನುಮಾನ. ತಟ್ಟಿನಿಂದ ಕದಲಿದ ಮೇಜು ಪರಮಾಣುಗಳನ್ನು ಆಚೆ ನೂಕಿದ್ದರೆ, ಅವಳು ಇಷ್ಟು ದಿನ ಮಾಡಿದ್ದು ಮೇಜು ಅಲುಗಾಡಿಸುವ ಕೆಲಸ, ಅಷ್ಟೇ. ವಿಶ್ವೇಶ ಹೇಳಿದರು: “ತಟ್ಟದೆ ಮಾಡಿ. ತೀರಾ ಕಡಿಮೆ ಕಾಯುವುದರಿಂದ ಶುರು ಮಾಡಿ, ಸ್ವಲ್ಪ ಸ್ವಲ್ಪ ಹೆಚ್ಚು ಮಾಡ್ತಾ ಬರುವ.”

ಹೇಮಾಕ್ಷಿ ಬಲಗೈಯನ್ನು ತೊಡೆಯ ಅಡಿಗಿಟ್ಟು ಅದರ ಮೇಲೆ ಕುಳಿತಳು. ಎಡಗೈಯಿಂದ ಗುಂಡಿ ಒತ್ತಿದಳು. ಚಿತ್ರ ಬರುವಾಗ ಕಣ್ಣು ಮುಚ್ಚಿಕೊಂಡಳು. ಹೆಸರಿನಲ್ಲೇ ಅಕ್ಷಿ ಇಟ್ಟುಕೊಂಡವಳಿಗೆ ನೋಡುವ ಧೈರ್ಯ ಬರಲಿಲ್ಲ. ತಟ್ಟದೆ ತೆರೆದಾಗಿತ್ತು.

“ಬಲ,” ಎಂದರು ವಿಶ್ವೇಶ. “ಮುಂದೆ.”

ಒತ್ತಿದಳು.

“ಎರಡೂ ಕಡೆ. ಅರ್ಧ ಅರ್ಧ.”

“ನಡುವೆ?”

“ಯಾರೂ ಇಲ್ಲ. ಮುಂದೆ.”

ಒತ್ತಿದಳು. ಈ ಸಲ ಹಿಂದೆ ಸ್ಟೂಲ್ ಸರಿದ ಸದ್ದಾಯಿತು.

“ಎಡ. ಪೂರ್ತಿ ಎಡ. ಮೇಡಂ, ಕಣ್ಣು ಬಿಡಿ.”

ಅವಳು ಬಿಟ್ಟಳು. ಬೇಸಿಗೆಯ ಚಿತ್ರಗಳಿಗಿಂತ ಸ್ವಚ್ಛವಾದ ಬಿಳಿ ಮಚ್ಚೆ ಎಡಗಡೆ ಇತ್ತು. ಕಾಯುವ ಹೊತ್ತನ್ನು ಇನ್ನಷ್ಟು ಹೆಚ್ಚಿಸಿದರು: ಮತ್ತೆ ಎರಡೂ ಕಡೆ. ಇನ್ನಷ್ಟು: ಬಲ. ಅದು ಹಿಂದಿನ ದಿನ ವಿಶ್ವೇಶ ಚಿತ್ರ ತೆಗೆದ ಅದೇ ಹೊತ್ತು.

“ಅಂದ್ರೆ ನಿನ್ನೆ ನೀವು ನೋಡುವಾಗ…” ಎಂದಳು ಹೇಮಾಕ್ಷಿ.

“ಹೋಗದೆ ಇದ್ದದ್ದಲ್ಲ. ಹೋಗಿ ಬಂದು ಆಗಿತ್ತು.”

ಇದ್ದಲ್ಲೇ ಇದೆಯೆಂದು ಇಬ್ಬರೂ ನಂಬಿದ್ದ ಮೋಡ ಆಚೆಗೆ ಹೋಗಿ, ಪುನಃ ಬಂದು, ಏನೂ ಆಗದಂತೆ ಅದೇ ಜಾಗದಲ್ಲಿ ಕುಳಿತಿತ್ತು. ಕೋಣೆಯಲ್ಲಿದ್ದ ಇತರ ವಸ್ತುಗಳ ಮೇಲೆ ಅವಳ ಕಣ್ಣು ಒಂದೊಂದಾಗಿ ಹರಿಯಿತು: ಕುರ್ಚಿ, ನೀರಿನ ಬಾಟಲಿ, ವಿಶ್ವೇಶ. ಎಲ್ಲವೂ ಇದ್ದಲ್ಲೇ ಇದ್ದಂತೆ ಕಾಣುತ್ತಿದ್ದವು.

“ತಟ್ಟಿದ್ರೆ?” ಎಂದಳು.

“ತಟ್ಟಿದ್ರೆ ತಡ ಮಾಡ್ತಾರೆ.”

ಕಾರಣದಲ್ಲಿ ಗುಟ್ಟೇನಿಲ್ಲ. ತಟ್ಟಿದಾಗ ಮೇಜು ನಡುಗುತ್ತದೆ, ಮೇಜಿನೊಂದಿಗೆ ಕನ್ನಡಿ, ಕನ್ನಡಿಯೊಂದಿಗೆ ಬೆಳಕಿನ ಹೊಂಡಗಳು. ಆ ಕೂದಲೆಳೆಯಷ್ಟು ವ್ಯತ್ಯಾಸಕ್ಕೆ ನಡುವಿನ ಗಲಾಟೆ ಸಹಾಯ ಮಾಡುವುದನ್ನು ಕಡಿಮೆ ಮಾಡುತ್ತದೆ, ದಾಟುವುದು ನಿಧಾನವಾಗುತ್ತದೆ. ತಟ್ಟು ಯಾರನ್ನೂ ನೂಕಿರಲಿಲ್ಲ. ಹೇಮಾಕ್ಷಿ ಕಂಡದ್ದು ನಿಜ. ಥೀಸಿಸ್ ಬಿಡಬೇಕಾಗಲಿಲ್ಲ. ಅದಕ್ಕೆ ಒಂದು ಅಧ್ಯಾಯ ಹೆಚ್ಚಾಯಿತು.

ಅವಳು ಮಾವನಿಗೂ ಹೇಳಿದಳು. ಪ್ರಯೋಗದ ಭಾಗವನ್ನು ನೋಣಯ್ಯ ಅಕ್ಕಿ ಆರಿಸುವವರ ಹಾಗೆ ಬದಿಗೆ ತಳ್ಳಿ, ತಮಗೆ ಬೇಕಾದ್ದನ್ನು ಹೆಕ್ಕಿಕೊಂಡರು.

“ತಟ್ಟದೆ ತೆಗ್ದಿಯಾ?”

“ತೆಗ್ದೆ ಮಾವ.”

“ಊಟ ಮುಗಿದಿತ್ತಾ?”

ಪರೀಕ್ಷಕರು ಕೇಳಿದ ಪ್ರಶ್ನೆಗಳಲ್ಲಿ ಇದು ಇರಲಿಲ್ಲ.

ಒಬ್ಬೊಬ್ಬರು ತಟ್ಟುವುದು ಒಂದೊಂದು ರೀತಿ; ಗೆಣ್ಣನ್ನು ಥೀಸಿಸ್ಸಿನಲ್ಲಿ ಬರೆಯಲಾಗುವುದಿಲ್ಲ. ಆದ್ದರಿಂದ ವಿಶ್ವೇಶ ಮೇಜಿನ ಅಂಚಿಗೆ ತಟ್ಟುವ ಒಂದು ಪುಟ್ಟ ಯಂತ್ರ ಕೂರಿಸಿದರು. ಎಷ್ಟು ಜೋರಾಗಿ ತಟ್ಟಬೇಕೆಂದು ಕಂಪ್ಯೂಟರು ಹೇಳುತ್ತದೆ, ಅದು ತಟ್ಟುತ್ತದೆ. ಈಗ ಪರಮಾಣುಗಳನ್ನು ಬೇಗ ದಾಟಿಸಬಹುದು, ತಡ ಮಾಡಿಸಬಹುದು, ಬೇಕೆಂದರೆ ಆಚೆಯೇ ಇರುವ ಹೊತ್ತಿಗೆ ಚಿತ್ರ ತೆಗೆಯಬಹುದು. ನಡೆದಾಡುವ ಕಾಲುಗಳ ಅದಿರಾಟವೂ ಬೇಡವೆಂದು ಪ್ರಯೋಗ ನಡೆಯುವಾಗ ಯಾರೂ ಒಳಗಿರಬಾರದೆಂಬ ನಿಯಮ ಬಂತು. ಹೇಮಾಕ್ಷಿ ಎಲ್ಲ ಸಿದ್ಧ ಮಾಡಿ, ಹೊರಗೆ ಬಂದು, ಬಾಗಿಲು ಎಳೆದು, ಕಾರಿಡಾರಿನಲ್ಲಿ ನಿಲ್ಲುತ್ತಾಳೆ.

ಮೊನ್ನೆ ಒಂದು ಮಧ್ಯಾಹ್ನ ಅವಳನ್ನು ಊಟಕ್ಕೆ ಕರೆಯಲು ನಾನು ಅಲ್ಲಿಗೆ ಹೋಗಿದ್ದೆ. ನಾವು ಮಾತಾಡುತ್ತಿದ್ದಾಗ ಪಕ್ಕದ ಕೆಮಿಸ್ಟ್ರಿಯ ಅಫ್ರೋಝ್ ಪೇಪರುಗಳ ಕಟ್ಟು ಹಿಡಿದು ಬಂದ. ಬಾಗಿಲ ಎದುರು ನಿಂತು ಕಿವಿಗೊಟ್ಟ. ಒಳಗಿನಿಂದ ಮೆತ್ತಗೆ ತಟ್ಟುವ ಸದ್ದು. ಸ್ವಲ್ಪ ಬಿಟ್ಟು ಪುನಃ.

“ಮೇಡಂ, ಒಳಗೆ ಯಾರಾದ್ರೂ ಲಾಕ್ ಆಗಿದ್ದಾರಾ? ತಟ್ತಾ ಇದ್ದಾರಲ್ಲ.”

“ಇಲ್ಲ,” ಎಂದಳು ಹೇಮಾಕ್ಷಿ. “ಒಳಗೆ ಯಾರೂ ಇಲ್ಲ.”

ಹಾಗೆಂದು, ಅವಳು ನನ್ನ ತೋಳು ಹಿಡಿದು ಬಾಗಿಲಿನಿಂದ ಬದಿಗೆ ಸರಿದು ನಿಂತಳು, ಹೊರಗೆ ಬರುವವರಿಗೆ ಜಾಗವಾಗುವಂತೆ.